ಎಡವಟ್ಟು ಅಲ್ಲ

ಕುಮಟಾದ ಆ ಔಷಧಿ ಅಂಗಡಿಯಲ್ಲಿ ಎಡವಟ್ಟು ಎಂದರೆ ನಗುವ ಮಾತು. ಮಾಲೀಕ ತ್ರ್ಯಂಬಕ ಕೆಮ್ಮಿನ ಸಿರಪ್ ಕೇಳಿದವರಿಗೆ ಶಾಂಪೂ ಕೊಟ್ಟದ್ದು, ಫಾರ್ಮಸಿಸ್ಟ್ ವಿನುತಾ ಗಿರಾಕಿಯ ಛತ್ರಿ ಹಿಡಿದು ಮನೆಗೆ ಹೋದದ್ದು, ಎಲ್ಲ ಎಡವಟ್ಟುಗಳನ್ನೂ ಸಂಜೆ ಚಹಾ ಕುಡಿಯುತ್ತ ಹೇಳಿಕೊಂಡು ನಗುತ್ತಿದ್ದರು.

ಹಾಗಾಗಿ ಅಂದು ಹನ್ನೊಂದು ಗಂಟೆಗೆ ವಿನುತಾ, "ತ್ರ್ಯಂಬಕಣ್ಣ, ಒಂದು ಎಡವಟ್ಟಾತು" ಎಂದಾಗ ಅವನು ನಗಲು ತಯಾರಾಗಿಯೇ ತಿರುಗಿದ.

"ಹಿರೇಗುತ್ತಿ ಗಣಪಜ್ಜಿಗೆ ಬಿಪಿ ಮಾತ್ರೆ ಬದ್ಲು ಶುಗರಿಂದು ಕೊಟ್ಬಿಟ್ಟೆ. ಹೆಸರು ಒಂದೇ ನಮೂನೆ ಇತ್ತು."

ಅಜ್ಜಿ ಹೋಗಿ ಒಂದೂವರೆ ತಾಸಾಗಿತ್ತು. ಅವಳ ಮಗ ದಿನಕರನಿಗೆ ಫೋನು ಮಾಡಿದರೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ವಿನುತಾ ಸ್ಕೂಟರಿನ ಕೀಲಿ ತೆಗೆದುಕೊಂಡಳು.

"ಸಣ್ಣ ಎಡವಟ್ಟು ಅಂತ ಹೇಳಿ ಮಾತ್ರೆ ಬದಲ್ಸಿ ಕೊಟ್ಟು ಬಾ. ಹೆಚ್ಚು ಮಾತಾಡ್ಬೇಡ" ಎಂದ ತ್ರ್ಯಂಬಕ.

ಹೆದ್ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ. ಖಾಲಿ ಹೊಟ್ಟೆಗೆ ಆ ಮಾತ್ರೆ ನುಂಗಿದರೆ ಶುಗರ್ ಪೂರ್ತಿ ಇಳಿದುಬಿಡುತ್ತದೆ; ಅಜ್ಜಿ ಊಟ ತಿಂಡಿ ಏನಾದರೂ ಮಾಡಿರಬಹುದೇ?

ಗಣಪಜ್ಜಿ ಜಗಲಿಯ ಗೋಡೆಗೆ ಒರಗಿ ಕೂತಿದ್ದಳು. ರವಿಕೆ ಬೆವರಿಗೆ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು.

"ಮಾತ್ರೆ ತಕಂಡ್ರಾ?"

"ಬಂದ ಕೂಡ್ಲೆ ತಕಂಡೆ. ಬೆಳಿಗ್ಗಿಂದ ಎಂತದೂ ತಿಂದಿಲ್ಲ ತಂಗಿ, ಬಸ್ಸು ಹಿಡೀಬೇಕಿತ್ತು." ಅಜ್ಜಿಯ ನಾಲಿಗೆ ತೊದಲುತ್ತಿತ್ತು.

ವಿನುತಾ ಅಡುಗೆಮನೆಗೆ ಓಡಿದಳು. ಕೈಗೆ ಸಿಕ್ಕ ಡಬ್ಬಿಯದನ್ನು ಮೊದಲು ತನ್ನ ನಾಲಿಗೆಗೆ ಹಾಕಿ ನೋಡಿದಳು, ಸಕ್ಕರೆಯೇ. ನೀರಿಗೆ ಕದಡಿ ಚಮಚ ಚಮಚವಾಗಿ ಕುಡಿಸಿದಳು. "ಅಜ್ಜಿ, ಕಣ್ಣು ಮುಚ್ಬೇಡಿ. ನನ್ನ ನೋಡಿ."

ಹತ್ತು ನಿಮಿಷಕ್ಕೆ ನಡುಕ ಕಡಿಮೆಯಾಯಿತು. ಅಷ್ಟರಲ್ಲಿ ದಿನಕರ ಗದ್ದೆಯಿಂದ ಕೆಸರುಗಾಲಲ್ಲೇ ಬಂದ. "ಎಂತ ಆತು?"

ಮಾಲೀಕ ಹೇಳಿಕೊಟ್ಟ ಮಾತು ಅವಳ ಬಾಯಿಗೆ ಬಂತು. ಅಜ್ಜಿಯ ತಣ್ಣಗಿನ ಅಂಗೈ ಇನ್ನೂ ಅವಳ ಕೈಯಲ್ಲಿತ್ತು.

"ನಾನು ಬೇರೆ ಮಾತ್ರೆ ಕೊಟ್ಟೆ. ತಪ್ಪು ನಂದು. ಮತ್ತೆ ಶುಗರ್ ಇಳೀಬಹುದು, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ದಿನಕರ ಅವಳನ್ನು ದಿಟ್ಟಿಸಿದ. ಆಮೇಲೆ ರಿಕ್ಷಾ ತರಲು ಓಡಿದ.

ಆಸ್ಪತ್ರೆಯವರು ಅಜ್ಜಿಯನ್ನು ಮರುದಿನದವರೆಗೆ ಇಟ್ಟುಕೊಂಡು, ಗಂಟೆಗೊಮ್ಮೆ ರಕ್ತ ಪರೀಕ್ಷಿಸಿ ಮನೆಗೆ ಕಳಿಸಿದರು. ಮೂರನೆಯ ದಿನ ದಿನಕರ ಅಂಗಡಿಗೆ ಬಂದು ಉಳಿದ ಮಾತ್ರೆಗಳನ್ನು ಕೌಂಟರಿನ ಗಾಜಿನ ಮೇಲಿಟ್ಟ.

"ಅದು ಸಣ್ಣದೊಂದು ಎಡವಟ್ಟು..." ಎಂದು ತ್ರ್ಯಂಬಕ ಶುರುಮಾಡಿದ.

"ನೀವು ಸುಮ್ನಿರಿ" ಎಂದ ದಿನಕರ. ಆಮೇಲೆ ಡಾಕ್ಟರರ ಚೀಟಿ ಹಿಡಿದು ವಿನುತಾಳ ಕಡೆ ತಿರುಗಿದ. "ಅಮ್ಮನ ಬಿಪಿ ಮಾತ್ರೆ ಕೊಡಿ. ಚೀಟಿ ಎರಡು ಸಲ ಓದಿ ಕೊಡಿ."

ಅವಳು ಗಟ್ಟಿಯಾಗಿ ಓದತೊಡಗಿದಳು.