ಕಿವಿ ಮುಳುಗುವಷ್ಟು ನೀರು

ಈಜುಕೊಳದ ಬಾಗಿಲು ತಳ್ಳಿದ ಕೂಡಲೇ ಕ್ಲೋರಿನ್ ವಾಸನೆ ಮೂಗಿಗೆ ಬಡಿಯಿತು, ಕೈ ಅಡ್ಡ ಹಿಡಿದೆ. ಒಂದು ಕಾಲದಲ್ಲಿ ಇದೇ ವಾಸನೆ ಹೋಗದಿರಲೆಂದು ನಾನು ತಲೆ ತೊಳೆಯದೆ ಮಲಗುತ್ತಿದ್ದೆ. ಮದುವೆಗೆ ಮೊದಲು ಅಂಗಾತ ಮಲಗಿ, ತಲೆಯ ಮೇಲಿನ ಮಾಡು ನೋಡುತ್ತ, ತೋಳು ಸೋಲುವವರೆಗೆ ಈಜುತ್ತಿದ್ದವಳು. ಈಗ ಮೆಟ್ಟಿಲಿನ ಕಂಬಿ ಹಿಡಿದು ಸೊಂಟದ ನೀರಿನಲ್ಲಿ ನಿಂತಿದ್ದೆ. ಬೆರಳು ಬಿಡಲು ಒಪ್ಪುತ್ತಿರಲಿಲ್ಲ.

"ಅತ್ತಿಗೆ, ಆ ಕಂಬೀನ ಕಿತ್ಕೊಂಡು ಹೋಗೋಕೆ ಬಂದಿದ್ದೀರಾ?" ಬೆಂಚಿನ ಮೇಲಿಂದ ನಾದಿನಿ ಕೂಗಿದಳು.

ನನ್ನನ್ನು ಇಲ್ಲಿಗೆ ಎಳೆದು ತಂದವಳು ಅವಳೇ. ಅವಳಿಗೆ ಈಜು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಅವಳ ಅಮ್ಮ, ಅಂದರೆ ನನ್ನ ಅತ್ತೆ, ತೀರಿಕೊಂಡ ಮೇಲೆ ಇಬ್ಬರೂ ಕೂತು ಬೀರು ಖಾಲಿ ಮಾಡುವಾಗ ನನ್ನ ಹಳೆಯ ಈಜುಟೋಪಿ ಸಿಕ್ಕಿತ್ತು. "ಇದೇನಿದು, ಈರುಳ್ಳಿ ಸಿಪ್ಪೆ?" ಎಂದು ಬೆರಳತುದಿಯಲ್ಲಿ ಎತ್ತಿ ಹಿಡಿದು ನಕ್ಕಳು. ನಾನು ಈಜುತ್ತಿದ್ದ ದಿನಗಳ ಕಥೆ ಕೇಳಿದ ಮೇಲೆ ನಗು ನಿಲ್ಲಿಸಿದಳು. ಮುಂದಿನ ವಾರವೇ ಹೊಸ ಟೋಪಿ ತಂದು ಮಡಿಲಿಗೆ ಹಾಕಿದಳು.

ಈಜು ಬಿಡಬೇಕೆಂದು ನಾನು ಯಾವತ್ತೂ ಅಂದುಕೊಂಡವಳಲ್ಲ. ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ತೆಗೆಯುವ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು. ಕೆಲಸದಲ್ಲಿ ಕಿವಿಗೆ ಹೆಡ್‌ಫೋನ್. ಸ್ಪಂಜು ಸವೆದು ಪ್ಲಾಸ್ಟಿಕ್ಕು ಕಿವಿಯಂಚಿಗೆ ಒತ್ತುತ್ತಿತ್ತು. ಅಳುವವರು, ಗಾಬರಿಯಲ್ಲಿ ವಿಳಾಸ ಮರೆತವರು, ಏನೂ ಹೇಳದೆ ಬರೀ ಉಸಿರು ಕೇಳಿಸುವವರು. ಮನೆಗೆ ಬಂದರೆ ಅತ್ತೆಯ ಲೋಟ. ಮಾತು ನಿಂತ ಮೇಲೆ ಅವರು ಸ್ಟೀಲ್ ಲೋಟಕ್ಕೆ ಚಮಚ ಬಡಿದು ಕರೆಯುತ್ತಿದ್ದರು. ಟಿಣ್, ಟಿಣ್. ಅದು ಕೇಳಿಸದೇ ಹೋದೀತೆಂದು ನಾನು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಡುತ್ತಿರಲಿಲ್ಲ, ಕುಕ್ಕರ್ ಕೂಗುವಾಗ ಅವರ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. "ಬಂದೆ ಅತ್ತೆ" ಎನ್ನುವುದು ಬಾಯಿಗೆ ಉಸಿರಿನಷ್ಟೇ ಸಲೀಸಾಗಿತ್ತು.

"ಅಕ್ಕ, ಕೈಕಾಲು ಎಲ್ಲಾ ಚೆನ್ನಾಗೇ ಆಡ್ತಿದೆ," ಎಂದಳು ಈಜು ಕಲಿಸುವ ಹುಡುಗಿ. ಕೊರಳಲ್ಲಿ ಸದಾ ಸೀಟಿ ನೇತಾಡಿಸಿಕೊಂಡಿರುವ ಅವಳಿಗೆ ನನ್ನ ಮಗಳ ವಯಸ್ಸು. "ತಲೆ ಎತ್ತೋದು ಬಿಡಿ. ತಲೆ ಎತ್ತಿದ್ರೆ ಕಾಲು ಮುಳುಗತ್ತೆ. ಎರಡು ಕಿವೀನೂ ನೀರೊಳಗೆ ಇರಲಿ."

"ಇಟ್ಟೆನಲ್ಲಮ್ಮ."

"ಎಲ್ಲಿ ಇಟ್ರಿ? ಒಂದು ಕಿವಿ ಮೇಲೇ ಇದೆ, ಪಕ್ಕದ ಮನೆ ಜಗಳ ಕೇಳೋರ ಥರ."

ನಾದಿನಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಕಿವಿಯೊಳಕ್ಕೆ ನೀರು ನುಗ್ಗಿ ಲೋಕವೆಲ್ಲ ಗುಂಯ್ ಎಂದು ಮುಚ್ಚಿಕೊಂಡಾಗ ಎದೆ ಬಾಯಿಗೆ ಬರುತ್ತಿತ್ತು. ಈಗ, ಈ ಕ್ಷಣದಲ್ಲೇ, ಯಾರೋ ಕರೆಯುತ್ತಿದ್ದಾರೆ. ನನಗೆ ಕೇಳಿಸುತ್ತಿಲ್ಲ. ಯಾರೂ ಇಲ್ಲವೆಂದು ಗೊತ್ತಿತ್ತು. ಗೊತ್ತಿದ್ದರೂ ಎದ್ದು ನಿಂತು, ಮುಖ ಒರೆಸಿಕೊಂಡು, ಬಾಗಿಲ ಕಡೆ ನೋಡುತ್ತಿದ್ದೆ. ಬಂದಾಗಲೆಲ್ಲ ಇದೇ ಕಥೆ. ಇವತ್ತೂ ಆಗದಿದ್ದರೆ ಹೊಸ ಟೋಪಿಯೂ ಹಳೆಯದರ ಪಕ್ಕ ಬೀರು ಸೇರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ ಎಂದು ಬರುವಾಗಲೇ ಅನ್ನಿಸಿತ್ತು.

"ಆಳದ ಕಡೆ ಹೋಗ್ತೀನಿ," ಎಂದುಬಿಟ್ಟೆ.

ಹುಡುಗಿ ಗೋಡೆಗೆ ಒರಗಿಸಿದ್ದ ಉದ್ದನೆಯ ಕೋಲು ಎತ್ತಿಕೊಂಡಳು. "ಗೋಡೆ ಪಕ್ಕದಲ್ಲೇ ಹೋಗಿ. ನಾನು ದಡದ ಮೇಲೆ ಕೋಲು ಹಿಡ್ಕೊಂಡು ಜೊತೆಗೇ ಬರ್ತೀನಿ."

ಅಂಗಾತ ಮಲಗಿ ಕಾಲು ಬಡಿದೆ. ತೋಳುಗಳಿಗೆ ಎಲ್ಲವೂ ನೆನಪಿತ್ತು. ಕತ್ತು ಮಾತ್ರ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತ್ತು, ಒಂದು ಕಿವಿ ಇನ್ನೂ ನೀರಿನ ಮೇಲೇ ಇತ್ತು. ಗೋಡೆಯ ಮೇಲಿನ ನೀಲಿ ಪಟ್ಟಿ ದಾಟಿತು. ಇನ್ನು ಕೆಳಗೆ ಕಾಲಿಗೆ ನೆಲ ಸಿಗುವುದಿಲ್ಲ. ಮಾಡಿನ ಕಬ್ಬಿಣದ ತೊಲೆಗಳು ಒಂದೊಂದಾಗಿ ತಲೆಯ ಮೇಲೆ ಹಿಂದಕ್ಕೆ ಸರಿದವು. ಈಜು ಬರುತ್ತಿದೆ, ಬರುತ್ತಿದೆ ಎಂದುಕೊಂಡೆ.

ಟಿಣ್, ಟಿಣ್.

"ಬಂದೆ ಅತ್ತೆ!"

ಬಾಯಿ ತೆರೆದದ್ದೇ ತಡ, ನೀರು ಒಳಗೆ ನುಗ್ಗಿತು. ಏಳಲು ಹೋದ ಕಾಲು ಕೆಳಕ್ಕೆ ಇಳಿಯಿತು. ಅಲ್ಲಿ ಏನೂ ಇರಲಿಲ್ಲ. ಕಣ್ಣಿಗೆ ಹಸಿರು, ಮೂಗಿನಲ್ಲಿ ಉರಿ. ಮೇಲೆ ಬಂದು ಕೆಮ್ಮುವಷ್ಟರಲ್ಲಿ ಮತ್ತೆ ಮುಳುಗಿದೆ. ಸೀಟಿ ಕೂಗಿತು. ಕೋಲಿನ ತುದಿ ನೀರಿಗೆ ಬಡಿಯಿತು, ಕೈಗೆ ಸಿಗಲಿಲ್ಲ. ಸತ್ತೆ ಎಂದುಕೊಂಡೆ. ಅಷ್ಟರಲ್ಲೂ ಕತ್ತು ಚಾಚಿ ಆ ಸದ್ದನ್ನೇ ಹುಡುಕುತ್ತಿದ್ದೆ. ಮೂರ್ಖಳೇ, ಕಿವಿ ಬಿಡು, ಎಂದು ಬೈದದ್ದು ನಾನೇ. ತಲೆಯನ್ನು ಹಿಂದಕ್ಕೆ ಚೆಲ್ಲಿದೆ. ಎರಡು ಕಿವಿಯೂ ಒಟ್ಟಿಗೆ ಮುಳುಗಿದವು. ಗುಂಯ್. ಹೊಟ್ಟೆ ಮೇಲೆ ಬಂತು, ಮೊಣಕಾಲು ಬಂತು. ಕೋಲು ತೋಳಿಗೆ ತಾಕಿತು, ಹಿಡಿದುಕೊಂಡೆ. ಹುಡುಗಿ ದಡಕ್ಕೆ ಎಳೆದು ಮೇಲೆ ಕೂರಿಸಿದಳು.

ಪಕ್ಕದಲ್ಲಿ ನಾದಿನಿ ತಿನ್ನಲು ತಂದಿದ್ದ ಮೊಸರಿನ ಸ್ಟೀಲ್ ಡಬ್ಬಿ ಹಿಡಿದು ಸುಣ್ಣದಂತೆ ಬಿಳುಚಿ ನಿಂತಿದ್ದಳು. ಚಮಚಕ್ಕೆ ಅಂಟಿದ್ದನ್ನು ಡಬ್ಬಿಯ ಅಂಚಿಗೆ ಬಡಿದು ಉದುರಿಸಿದ್ದಳು, ಅಷ್ಟೇ.

"ಯಾರಿಗೆ ಬಂದೆ ಅಂದ್ರಿ, ಅತ್ತಿಗೆ?" ಎಂದು ಕೇಳಿದಳು. ಕೇಳಿದ ಮೇಲೆ ಅವಳಿಗೇ ತಿಳಿಯಿತು. ಚಮಚವನ್ನು ಸದ್ದಾಗದಂತೆ ಬೆಂಚಿನ ಮೇಲಿಟ್ಟಳು. "ಅಮ್ಮ ಇನ್ನು ಕರೆಯಲ್ಲ. ಏಳಿ, ಮನೆಗೆ ಹೋಗೋಣ. ಈ ದರಿದ್ರ ನೀರಿಗೆ ನಿಮ್ಮನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು."

ಹಲ್ಲು ಕಟಕಟ ಎನ್ನುತ್ತಿತ್ತು. ಈಗ ಮನೆಗೆ ಹೋದರೆ ಹೋದ ಹಾಗೆಯೇ ಎಂದು ಗೊತ್ತಿತ್ತು. ಮೆಟ್ಟಿಲಿಳಿದು ಸೊಂಟದ ನೀರಿಗೆ ಹೋಗಿ ನಿಂತೆ.

"ಬಡಿಯೇ ಇನ್ನೊಂದು ಸಲ."

"ಹುಚ್ಚು ಹಿಡಿದಿದೆಯಾ ನಿಮಗೆ?"

"ಬಡಿ ಕಣೇ. ನಿಲ್ಲಿಸಬೇಡ."

ಅವಳು ಹುಡುಗಿಯ ಮುಖ ನೋಡಿದಳು. ಹುಡುಗಿ ಕೋಲನ್ನು ನನ್ನ ಹತ್ತಿರಕ್ಕೆ ಚಾಚಿ ಹಿಡಿದಳು. ನಾದಿನಿ ಚಮಚ ಎತ್ತಿ ಬಡಿದಳು. ಟಿಣ್. ಕಂಬಿ ಬಿಟ್ಟು, ಮಲಗಿ, ಕಿವಿಗಳನ್ನು ಮುಳುಗಿಸಿದೆ.

ಓರೆಗಣ್ಣಿಗೆ ನಾದಿನಿ ಕಾಣುತ್ತಿದ್ದಳು. ಅವಳ ಕೈ ಏಳುತ್ತಿತ್ತು, ಬೀಳುತ್ತಿತ್ತು. ಕೆನ್ನೆ ಒದ್ದೆಯಾಗಿತ್ತು. ಸದ್ದು ಮಾತ್ರ ಬರಲಿಲ್ಲ. ಹೆದರಿಕೆ ಇನ್ನೂ ಎದೆಯ ಮೇಲೆಯೇ ಕೂತಿತ್ತು. ನಾನು ಏಳಲಿಲ್ಲ.