ಎರಡು ಕಡೆ ಹೆಸರು

ಕೊಡದ ಬಾಯಿಗೆ ದಪ್ಪ ಬಿಳಿ ಬಟ್ಟೆ ಕಟ್ಟಿ ನಾನು ಹಿಡಿದುಕೊಂಡಿದ್ದೆ. ಮೊಮ್ಮಗಳು ಬ್ರಾಹ್ಮಿ, ಬಾವಿಯ ನೀರನ್ನು ಅದರ ಮೇಲೆ ಸುರಿಯುತ್ತ ಕೇಳಿದಳು:

"ಆಯಿ, ಮೈಕ್ರೋಬಯಾಲಜಿ ತಗೊಳ್ಳಲೋ, ಬಿಸಿಎ ಮಾಡಲೋ?"

"ಮೊದಲಿಂದು ಅಂದ್ರ ಏನವಾ?"

"ಕಣ್ಣಿಗೆ ಕಾಣಲಾರದ ಜೀವ ಇರತಾವಲ್ಲ, ಅವನ್ನ ಓದೋದು."

"ಅವು ಬದುಕಲಿ ಅಂತ ನಾವು ದಿನಾ ನೀರು ಸೋಸತೇವಿ. ನೀ ಅವನ್ನ ಹಿಡಿಯಾಕ ಹೊಂಟಿ ಏನ?"

ಅವಳು ನಕ್ಕಳು. ನನಗೆ ಮಾತ್ರ ತಲೆ ಗೊಂದಲದ ಗೂಡಾಗಿತ್ತು. ಮೈಕ್ರೋಬಯಾಲಜಿ ಬೆಳಗಾವಿಯ ಒಂದು ಕಾಲೇಜಿನಲ್ಲಿ, ಬಿಸಿಎ ಇನ್ನೊಂದರಲ್ಲಿ. ಅವಳ ಅಪ್ಪ, ನನ್ನ ಮಗ ಜಿನೇಂದ್ರ, ಅಲ್ಲಿಯದೇ ಉದ್ಯಮಬಾಗದ ಕಬ್ಬಿಣ ಎರೆಯುವ ಫೌಂಡ್ರಿಯಿಂದ ಮಸಿ ಮುಖದಲ್ಲಿ ಬಂದು, "ಬಿಕಾಂ ಮಾಡಲಿ. ನಮ್ಮಲ್ಲಿ ಅಕೌಂಟಿನ ಮಂದಿ ಅಷ್ಟ ಫ್ಯಾನಿನ ಕೆಳಗ ಕುಂದರತಾರ" ಎನ್ನುತ್ತಿದ್ದ. ಯಾರು ಏನು ಹೇಳಿದರೂ ನನಗೆ ಹೌದೆನಿಸುತ್ತಿತ್ತು.

ಒಂದು ಮಾತು ಮಾತ್ರ ಖಚಿತವಿತ್ತು. ಕಾಲೇಜು ಯಾವುದಾದರೂ ಆಗಲಿ, ಅವಳಿಗೆ ಬೆಳಗಾವಿಯಲ್ಲಿರುವ ನಮ್ಮ ಜೈನ ಸಮಾಜದ ಹುಡುಗಿಯರ ಬೋರ್ಡಿಂಗಿನಲ್ಲಿ ಜಾಗ ಬೇಕು. ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಲ್ಯಾಬು ಮುಗಿಸಿ ಬಸ್ಸು ಹತ್ತಿ ನಮ್ಮೂರು ಖಾನಾಪುರ ಮುಟ್ಟುವಷ್ಟರಲ್ಲಿ ಚಳಿಗಾಲದಲ್ಲಿ ಕತ್ತಲಾಗಿರುತ್ತದೆ. ಬೋರ್ಡಿಂಗಿನಲ್ಲಾದರೆ ಬೆಳಕಿರುವಾಗಲೇ ಊಟ. ಅಲ್ಲಿ ಜಾಗ ಬೇಕಾದರೆ ಮನೆಯ ಹಿರಿಯರು ಕೈಯಾರೆ ಪತ್ರ ಬರೆಯಬೇಕು, ಅದು ಅಂಚೆಯಲ್ಲೇ ಬರಬೇಕು. ಕೈಯಲ್ಲಿ ಕೊಟ್ಟರೆ ವಶೀಲಿ ಎನ್ನುತ್ತಾರೆ. ಯಾರ ಪತ್ರ ಮೊದಲೋ ಅವರಿಗೆ ಜಾಗ ಮೊದಲು.

ಪಿಯುಸಿ ಪರೀಕ್ಷೆ ಮುಗಿದ ವಾರವೇ ಹೋಗಬೇಕಿದ್ದ ಪತ್ರವನ್ನು ನಾವು ಇನ್ನೂ ಬರೆದೇ ಇರಲಿಲ್ಲ. ನಮ್ಮ ಯಜಮಾನರು ತವನಪ್ಪನವರದು ಒಂದೇ ಹಟ.

"ಕಾಲೇಜ ಯಾವುದಂತ ಗೊತ್ತಾಗಲಾರದ, ಬೋರ್ಡಿಂಗಿಗೆ ಹೆಂಗ ಬರೀಲಿ? ಸಹಿ ಮಾಡಿ ಕೊಟ್ಟ ಮಾತಂದ್ರ ದೇವರ ಮುಂದ ತಗೊಂಡ ನಿಯಮ ಇದ್ದಂಗ. ಎರಡು ಕಡೆ ಹೆಸರು ಕೊಟ್ಟು ಒಂದು ಕಡೆ ಬಿಟ್ರ, ನಿಯಮ ಮುರದಂಗ."

ಹಾಗಾಗಿ ಕಾಲೇಜುಗಳಿಗೂ ಅರ್ಜಿ ಹಾಕಿರಲಿಲ್ಲ.

ಆ ಮಧ್ಯಾಹ್ನ ಬಾಜೂ ಓಣಿಯ ರಸಿಕಾ ಬಂದಳು. ಬ್ರಾಹ್ಮಿಯ ಕ್ಲಾಸಿನವಳು.

"ನಂದು ಮೂರು ಕಾಲೇಜಿಗೆ ಅರ್ಜಿ ಹಾಕಿದ್ದಾತು!"

"ಮೂರರಾಗೂ ಕುಂದರತೀ ಏನವಾ?" ಎಂದರು ಯಜಮಾನರು.

"ಎಲ್ಲಿ ಕುಂದರಬೇಕಂತ ನನಗೂ ಗೊತ್ತಿಲ್ಲ ಅಜ್ಜಾ. ಖರೇ ಹೇಳ್ತೀನಿ, ಲಗೂ ಹಾಕಿದ್ದಕ್ಕ ವಿಚಾರ ಮಾಡಾಕ ಟೈಮ್ ಸಿಕ್ಕೈತಿ. ಎರಡು ಕಾಲೇಜಿನ ಲ್ಯಾಬ್ ನೋಡಿ ಬಂದೆ. ಬ್ರಾಹ್ಮಿ, ಬೋರ್ಡಿಂಗಿನ್ಯಾಗ ಇನ್ನ ಎರಡ ಜಾಗ ಉಳದಾವಂತ. ಅಲ್ಲೇ ಇರೂ ಪೂನಮ್ ಹೇಳಿದ್ಲು."

ಬ್ರಾಹ್ಮಿ ಎದ್ದು ನಿಂತಳು. "ಹೋಗ್ಲಿ ಬಿಡ ಆಯಿ. ಬಸ್ಸಿಗೆ ಓಡ್ಯಾಡತೇನಿ. ರಾತ್ರಿ ಉಪಾಸ ಇರತೇನಿ." ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ನಾನು ಗೊಂದಲದಲ್ಲೇ ಕುಳಿತೆ. ಮನಸ್ಸು ಗಟ್ಟಿಯಾದವರು ಬೇಗ ಅರ್ಜಿ ಹಾಕುತ್ತಾರೆಂದು ನಾನು ತಿಳಿದಿದ್ದೆ. ಈ ಹುಡುಗಿ ಮನಸ್ಸು ಗಟ್ಟಿಯಾಗಿಲ್ಲವೆಂದೇ ಬೇಗ ಹಾಕಿದ್ದಳು. ಹೀಗೂ ಉಂಟೇ? ರಸಿಕಾ ಹೋದ ಮೇಲೆ ಯಜಮಾನರನ್ನು ಕೇಳಿದೆ:

"ರೀ, ಹೋದ ಚಾತುರ್ಮಾಸದಾಗ ತಪ್ಪಲ ಪಲ್ಯ, ಸೊಪ್ಪು ತಿನ್ನಂಗಿಲ್ಲಂತ ನಿಯಮ ತಗೊಂಡಿದ್ರಿ. ಜಲ್ಮಪೂರ್ತಿ ಬಿಟ್ರೇನು?"

"ನಾಕ ತಿಂಗಳ ಮಟ್ಟಿಗೆ ಅಂತ ಹೇಳೇ ತಗೊಂಡಿದ್ದೆ."

"ನಡುವ ಜಡ್ಡು ಬಂದಿದ್ರ?"

"ಜಡ್ಡಿಗೆ ಛೂಟ, ತಿಂದ್ರೂ ನಡೀತೈತಿ ಅಂತ ಮೊದಲ ಹೇಳಿದ್ದೆ."

"ಹಂಗಾದ್ರ ಪತ್ರದಾಗೂ ಛೂಟ ಮೊದಲ ಹೇಳೂಣು."

"ಓದು-ಬರಹ ಕಲೀಲಿ ಅಂತ ನಿನ್ನನ್ನ ರಾತ್ರಿ ಸಾಲಿಗೆ ಕಳಿಸಿದ್ದ ತಪ್ಪಾತು," ಎಂದು ಗೊಣಗುತ್ತ ಅವರು ಪೆನ್ನು ಹುಡುಕಿದರು. ವಯಸ್ಸಿನಿಂದ ಅವರ ಅಕ್ಷರ ಕೂಡುವುದಿಲ್ಲ, ನಾನೇ ಬರೆದೆ:

'ಮೊಮ್ಮಗಳು ಬ್ರಾಹ್ಮಿಗೆ ಒಂದು ಜಾಗ ಬೇಕಾಗಿದೆ. ಕಾಲೇಜು ಇನ್ನೂ ಗೊತ್ತಾಗಿಲ್ಲ. ಜೂನ್ ಮುಗಿಯುವುದರೊಳಗೆ ತಿಳಿಸುತ್ತೇವೆ. ತಿಳಿಸದಿದ್ದರೆ ಆ ಜಾಗವನ್ನು ಬೇರೆ ಹುಡುಗಿಗೆ ಕೊಡಿರಿ. ನಮ್ಮದೇನೂ ತಕರಾರಿಲ್ಲ.'

ಯಜಮಾನರು ಎರಡು ಸಲ ಓದಿಸಿ ಸಹಿ ಮಾಡಿದರು. ಬ್ರಾಹ್ಮಿ ಹೊರಗೆ ಬಂದು ಮೊಬೈಲಿನಲ್ಲಿ ಎರಡೂ ಕಾಲೇಜಿನ ಅರ್ಜಿ ತುಂಬತೊಡಗಿದಳು. ಅಜ್ಜ ಬಗ್ಗಿ ನೋಡಿದರು.

"ಅದರಾಗ ಛೂಟ ಬರಿಯಾಕ ಜಾಗ ಐತೇನ?"

"ಇಲ್ಲ ಅಜ್ಜಾ."

"ಹಂಗಾದ್ರ ಮನಸಿನ್ಯಾಗ ಹೇಳ್ಕೊ. ಹೇಳ್ಕೊಂಡ ಮ್ಯಾಲ ಬಟನ್ ಒತ್ತು."

ಮರುದಿನ ನಾನೂ ಮೊಮ್ಮಗಳೂ ಪತ್ರ ಹಿಡಿದು ಖಾನಾಪುರದ ಅಂಚೆ ಕಚೇರಿಗೆ ಹೋದೆವು. ಕೌಂಟರಿನ ಮುಂದೆ ಬ್ರಾಹ್ಮಿ ನನ್ನ ಸೆರಗು ಹಿಡಿದು, "ಜಾಗ ಸಿಕ್ಕೀತೇನ ಆಯಿ? ಮತ್ತ ಮೈಕ್ರೋಬಯಾಲಜಿನೋ, ಬಿಸಿಎನೋ?" ಎಂದಳು.

"ನನಗ ಗೊತ್ತಿಲ್ಲವಾ," ಎಂದೆ. "ಲ್ಯಾಬ್ ನೋಡಾಕ ಸೋಮವಾರ ಹೋಗೂಣು."

ಒಳಗಿದ್ದ ಹೆಣ್ಣುಮಗಳು ಲಕೋಟೆ ತೂಗಿ, ಚೀಟಿ ಅಂಟಿಸಿ, ಬೆಳಗಾವಿಯ ಚೀಲಕ್ಕೆ ಹಾಕಿದಳು.