ಒಂದೇ ಪ್ಲಗ್ಗು, ಬೇರೆ ಕರೆಂಟು

ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದಾಗ ಸೊಸೆ ಅಂಗಳದಲ್ಲಿದ್ದಳು. ಎದ್ದುಬಿದ್ದು ಒಳಗೆ ಬರುವಷ್ಟರಲ್ಲಿ ಟಿವಿ ಪರದೆ ಒಮ್ಮೆ ನಡುಗಿ ಕಪ್ಪಾಯಿತು. ಅದಕ್ಕೆ ಜೋಡಿಸಿದ್ದ ಕಂಪ್ಯೂಟರಿನ ಕರೆಂಟು ಅಡಾಪ್ಟರ್ ಸುಟ್ಟುಹೋಗಿತ್ತು.

ಅದು ಎಲ್ಲವನ್ನೂ ಕೀಬೋರ್ಡಿನ ಹೊಟ್ಟೆಯಲ್ಲೇ ಇಟ್ಟುಕೊಂಡ ಹಳೇ ಕಾಲದ ಮನೆ ಕಂಪ್ಯೂಟರ್. ಮಾವ ಬದುಕಿದ್ದಾಗ ಅದರ ಬೆನ್ನಿಗೊಂದು ಪೆಟ್ಟಿಗೆ ಜೋಡಿಸಿ, ಗಾಜಿನ ಕುಲುಮೆಯ ಬಿಸಿ ಮೆಲ್ಲಗೆ ಇಳಿಯುವಂತೆ ಮಾಡಿದ್ದರು. ಗಡಿಬಿಡಿಯಲ್ಲಿ ಆರಿದ ಗಾಜು ಬಿರುಕು ಬಿಡದೆ ಉಳಿಯುವುದಿಲ್ಲ. ಈಗ ಕುಲುಮೆಯೊಳಗಿದ್ದದ್ದು ಹೆರಿಗೆ ಆಸ್ಪತ್ರೆಯ ಮುಂಬಾಗಿಲಿಗೆಂದು ಅತ್ತೆ ಎರಕ ಹೊಯ್ದ ಗಾಜಿನ ಹಲಗೆ. ಕೈ ನಡುಗಲು ಶುರುವಾದ ಮೇಲೆ ಅವರು ಹೊಯ್ದ ದೊಡ್ಡ ಕೆಲಸ ಇದೊಂದೇ.

ಅತ್ತೆ ಕುರ್ಚಿಯನ್ನು ಕುಲುಮೆಯ ಪಕ್ಕಕ್ಕೆಳೆದು, ಬಿಸಿ ತೋರುವ ಮುಳ್ಳಿನ ಮೇಲೆ ಕಣ್ಣು ನೆಟ್ಟು, ಕೈಸ್ವಿಚ್ಚು ಹಿಡಿದು ಕೂತರು. ಮುಳ್ಳು ಜಾರಿದಾಗ ಹಾಕುವುದು, ಏರಿದಾಗ ಆರಿಸುವುದು. ನಾಳೆವರೆಗೆ ಹೀಗೆ ಕೂರಲು ಯಾರಿಂದಲೂ ಆಗದೆಂದು ಮೂವರಿಗೂ ಗೊತ್ತಿತ್ತು.

ಮೂರನೆಯವನು ಮೈದುನ. ಈ ಹಳೇ ಡಬ್ಬವನ್ನು ಗುಜರಿಗೆ ಹಾಕಿ ಹೊಸ ನಿಯಂತ್ರಕ ತರೋಣವೆಂದು ಅವನು ಗೋಗರೆದದ್ದು, ಅತ್ತಿಗೆ ಬೇಡವೆಂದದ್ದು, ಆಮೇಲೆ ಇಬ್ಬರೂ ಮುಖ ಕೊಟ್ಟು ಮಾತಾಡದೇ ಇದ್ದದ್ದು, ಎಲ್ಲ ಈಚಿನ ಮಾತು. ಆದರೂ ಅವನೇ ಅಟ್ಟ ಜಾಲಾಡಿ, ಅದೇ ಕಂಪನಿಯ ಬೇರೆ ಮಾಡೆಲ್ಲಿನ ಅಡಾಪ್ಟರ್ ಹುಡುಕಿ ತಂದ. ಅದೇ ಗುಂಡು ಪ್ಲಗ್ಗು, ಅಷ್ಟೇ ಪಿನ್ನುಗಳು.

ಅವನು ಚುಚ್ಚಲು ಬಗ್ಗಿದ್ದೇ ತಡ, ಸೊಸೆ ಅವನ ಮಣಿಕಟ್ಟು ಹಿಡಿದಳು.

"ಮೀಟರ್ ಹಿಡಿದು ನೋಡೋಣ."

"ಅತ್ತಿಗೆ, ಅಮ್ಮನ ಕೈ ನೋಡಿ. ಸರಿಯಾಗಿ ಕೂತ್ಕೊಳ್ತಿದೆಯಲ್ಲ, ಇನ್ನೇನು ನೋಡೋದು?"

"ಕೂತ್ಕೊಂಡ ಮಾತ್ರಕ್ಕೆ ಹೊಂದುತ್ತೆ ಅಂತ ಅಲ್ಲ. ತಾಳು."

ಐದು ವೋಲ್ಟ್ ಬರಬೇಕಾದ ಪಿನ್ನಿನಲ್ಲಿ ಹನ್ನೆರಡು ಬರುತ್ತಿತ್ತು. ಚುಚ್ಚಿದ್ದರೆ ಕಂಪ್ಯೂಟರೇ ಸುಟ್ಟುಹೋಗುತ್ತಿತ್ತು. ಐದು ವೋಲ್ಟ್ ಇತ್ತು, ಆದರೆ ಬೇರೆ ಪಿನ್ನಿನಲ್ಲಿ. ಸೊಸೆ ಸುಟ್ಟ ಅಡಾಪ್ಟರಿನ ತಂತಿಯನ್ನು ಪ್ಲಗ್ಗಿನ ಸಮೇತ ಕತ್ತರಿಸಿ, ಅಟ್ಟದಿಂದ ತಂದದ್ದರ ತಂತಿಗಳನ್ನು ಅದಕ್ಕೆ ಅದಲುಬದಲು ಮಾಡಿ ಬೆಸೆಯತೊಡಗಿದಳು. ಬೆಸುಗೆ ಕಡ್ಡಿ ಎರಡು ಸಲ ಜಾರಿತು. ಮೈದುನ ತಂತಿ ಅಲುಗದಂತೆ ಹಿಡಿದ. ಮತ್ತೆ ಮೀಟರ್ ಇಟ್ಟಾಗ ಎಲ್ಲ ಸರಿಯಿತ್ತು.

ಪರದೆ ಬೆಳಗಿತು. ಆದರೆ ಕರೆಂಟು ಹೋದೊಡನೆ ಕಂಪ್ಯೂಟರ್ ಎಲ್ಲವನ್ನೂ ಮರೆತಿತ್ತು. ಕುಲುಮೆ ನಡೆಸುವ ಪ್ರೋಗ್ರಾಮನ್ನು ಅದನ್ನು ಉಳಿಸಿಟ್ಟ ಕ್ಯಾಸೆಟ್ಟಿನಿಂದಲೇ ಮತ್ತೆ ತುಂಬಬೇಕು. ಟೇಪು ಕೀರಲು ದನಿಯಲ್ಲಿ ಕಿರುಚಿತು, ಕೊನೆಗೆ ಪರದೆ ತಪ್ಪೆಂದು ತೋರಿಸಿತು. ಹಿಂದೆ ಸುತ್ತಿ ಮತ್ತೆ ಹಾಕಿದರೂ ಅದೇ ಕಥೆ. ಅತ್ತೆ ಸ್ವಿಚ್ಚನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ದನಿ ಸಾಲದೇನೋ," ಎಂದು ಮೈದುನ ತಾನಾಗಿಯೇ ಟೇಪ್ ರೆಕಾರ್ಡರಿನ ಗುಂಡಿ ತಿರುಗಿಸಿದ. ಈ ಸಲ ತುಂಬಿತು.

ಅದನ್ನು ಓಡಿಸಲು ಕೀಲಿಯತ್ತ ಇಳಿದ ಸೊಸೆಯ ಬೆರಳು ಅಲ್ಲೇ ನಿಂತಿತು. ಈ ಪ್ರೋಗ್ರಾಂ ಮೊದಲಿಗೆ ಕುಲುಮೆಯನ್ನು ಕಾಯಿಸಿ, ಆಮೇಲಷ್ಟೇ ತಣಿಸುತ್ತದೆ. ಹಾಗೇ ಓಡಿಸಿದರೆ ಅರ್ಧ ಆರಿದ ಗಾಜು ಮತ್ತೆ ಕಾದು, ಅದರ ಕಥೆ ಮುಗಿದಂತೆಯೇ. ಮುಳ್ಳು ಎಷ್ಟರಲ್ಲಿದೆಯೆಂದು ಅತ್ತೆಯನ್ನು ಕೇಳಿ, ಶುರುವಿನ ಸಾಲುಗಳನ್ನು ಅಳಿಸಿ, ಆ ಅಂಕಿ ಕೊಟ್ಟು ಓಡಿಸಿದಳು. ಬೆನ್ನಿನ ಪೆಟ್ಟಿಗೆ ಟಕ್ ಎಂದಿತು. ಅತ್ತೆ ಸ್ವಿಚ್ಚಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಮರುದಿನ ಕುಲುಮೆಯ ಬಾಗಿಲು ತೆರೆದಾಗ ಹಲಗೆ ಇಡಿಯಾಗಿತ್ತು, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ. ಅತ್ತೆ ಅದರ ಮೇಲೆ ಉಗುರಾಡಿಸಿದರು.

"ಇದು ಚೌಕಟ್ಟಿನೊಳಗೆ ಹೋಗೋ ಭಾಗ. ತೇದು ತೆಗೆದ್ರಾಯ್ತು."

ಸೊಸೆ ಮೈದುನನ ಕಡೆ ತಿರುಗಿ, ಹೊಸ ನಿಯಂತ್ರಕ ತರುವಂತೆ ಹೇಳಿದಳು. ಆದರೆ ಹಳೆಯದನ್ನು ಬಿಚ್ಚಬಾರದು, ಎರಡನ್ನೂ ಅಕ್ಕಪಕ್ಕ ಇಟ್ಟು ಸ್ವಲ್ಪ ಕಾಲ ಓಡಿಸಿ ನೋಡಬೇಕು. ಅವನು ಬೆಸೆದ ತಂತಿಗಳಿಗೆ ಅಂಟುಟೇಪು ಸುತ್ತುತ್ತ, ಯಾವ ಬಣ್ಣದ್ದು ಎಷ್ಟು ವೋಲ್ಟಿನದೆಂದು ಒಂದೊಂದಾಗಿ ಕೇಳತೊಡಗಿದ.